ಜೋಮು ಹಿಡಿದ ಕೈಗೆ ಥೈರಾಯ್ಡ್ ಪ್ರಶ್ನೆ ಯಾಕೆ?

ಮುಂಬೈಯ ಒಂದು ತಪಾಸಣಾ ಕೇಂದ್ರದಲ್ಲಿ ನರಗಳ ವೇಗ ಅಳೆಯುವುದು ನನ್ನ ಕೆಲಸ. ಈ ಪರೀಕ್ಷೆಗೆ ಎನ್‌ಸಿವಿ (ನರ್ವ್ ಕಂಡಕ್ಷನ್ ವೆಲಾಸಿಟಿ) ಎಂದರೆ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಗೊತ್ತು. ಮಾಟುಂಗಾ, ಡೊಂಬಿವಿಲಿ ಕಡೆಯ ನಮ್ಮ ಜನ ಒಳಗೆ ಬರುತ್ತಲೇ “ಶಾಕ್ ಕೊಡುತ್ತೀರಂತೆ?” ಎನ್ನುತ್ತಾರೆ. ಕೊಡುತ್ತೇನೆ, ಮುಚ್ಚಿಡುವುದೇನಿದೆ. ಆದರೆ ಅದಕ್ಕೂ ಮೊದಲು ಥೈರಾಯ್ಡ್ ತೊಂದರೆ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರೆ, ಕೈ ನೋವಿಗೂ ಇದಕ್ಕೂ ಏನು ಸಂಬಂಧ ಎಂಬಂತೆ ನೋಡುತ್ತಾರೆ. ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರೂ ಹಾಗೆಯೇ ನೋಡುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪರೀಕ್ಷೆ ಸರಳ. ಮಣಿಕಟ್ಟಿನಲ್ಲೊಮ್ಮೆ, ಮೊಣಕೈಯಲ್ಲೊಮ್ಮೆ ನರಕ್ಕೆ ಕರೆಂಟ್ ತಾಗಿಸಿ, ಹೆಬ್ಬೆರಳಿನ ಬುಡದ ಸ್ನಾಯು ಯಾವಾಗ ಮಿಡಿಯಿತು ಎಂದು ನೋಡುತ್ತೇವೆ. ನಡುವಿನ ದೂರವನ್ನು ಸಮಯದ ವ್ಯತ್ಯಾಸದಿಂದ ಭಾಗಿಸಿದರೆ ವೇಗ ಸಿಕ್ಕಿತು. ಆರೋಗ್ಯವಂತರ ಮುಂಗೈಯಲ್ಲಿ ಅದು ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಹೆಚ್ಚು. 1850ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅಳೆದಾಗ ಸುಮಾರು 27 ಮೀಟರ್ ಬಂದಿತ್ತು. ಅದನ್ನು ಅಳೆಯುವುದೇ ಅಸಾಧ್ಯ ಎಂದುಕೊಂಡಿದ್ದವರಲ್ಲಿ ಅವರ ಗುರು ಮ್ಯುಲರ್ ಕೂಡ ಒಬ್ಬರು!

ತಂತಿಯ ವಿದ್ಯುತ್ತಿನ ಮುಂದೆ ಇದು ಬರೀ ತೆವಳಾಟ. ನರದಲ್ಲಿ ಸೋಡಿಯಂ ಅಯಾನುಗಳು ಪೊರೆಯ ಬಾಗಿಲುಗಳಿಂದ ಒಳನುಗ್ಗಿ, ಮೈನಸ್ 70 ಮಿಲಿವೋಲ್ಟ್ ಆಸುಪಾಸಿನಲ್ಲಿದ್ದ ಒಳಭಾಗವನ್ನು ಕ್ಷಣಕಾಲ ಧನಾತ್ಮಕಗೊಳಿಸಿ, ಮುಂದಿನ ಭಾಗವನ್ನು ಎಬ್ಬಿಸುತ್ತಾ ಸಾಗಬೇಕು. ತುದಿಯಲ್ಲಿ ಕರೆಂಟ್ ಸ್ನಾಯುವಿಗೆ ನೇರವಾಗಿ ದಾಟುವುದೂ ಇಲ್ಲ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಆ ಸಂದಿನಲ್ಲಿ ಸುದ್ದಿ ಮುಟ್ಟಿಸುತ್ತದೆ. ಚಳಿಗೆ ಈ ಬಾಗಿಲುಗಳು ನಿಧಾನವಾಗುತ್ತವೆ. ಚರ್ಮದ ಉಷ್ಣತೆ ಒಂದು ಡಿಗ್ರಿ ಇಳಿದರೆ ವೇಗ ಸುಮಾರು 2 ಮೀಟರ್ ಕುಸಿಯುತ್ತದೆ. ಜುಲೈಯಲ್ಲಿ ನೆನೆದುಕೊಂಡು ಲೋಕಲ್ ರೈಲಿನಿಂದ ಇಳಿದು, ನಮ್ಮ ಎಸಿ ಕೋಣೆಗೆ ಬಂದವರ ಕೈಯನ್ನು 32 ಡಿಗ್ರಿಗೆ ಬೆಚ್ಚಗೆ ಮಾಡದೆ ಅಳೆದರೆ, ಇಲ್ಲದ ಕಾಯಿಲೆ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಇನ್ನು ಥೈರಾಯ್ಡ್. ಉಡುಪಿ ಕಡೆಯ ಒಬ್ಬ ಅಕ್ಕ ಬಂದಿದ್ದರು. ರಾತ್ರಿ ಎರಡೂ ಕೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಮುಂಗೈಯಲ್ಲಿ ನರದ ವೇಗ ಚೆನ್ನಾಗಿಯೇ ಇತ್ತು. ತಡವಾಗುತ್ತಿದ್ದುದು ಮಣಿಕಟ್ಟು ದಾಟುವಲ್ಲಿ ಮಾತ್ರ. ಅಲ್ಲಿನ ಇಕ್ಕಟ್ಟಾದ ಸುರಂಗದಲ್ಲಿ ನರ ಅದುಮಿಕೊಂಡಿತ್ತು. ದಿನವಿಡೀ ಪಾತ್ರೆ, ಬಟ್ಟೆ ಎಂದು ದುಡಿಯುವ ಕೈಗಳಿಗೆ ಇದು ಅಪರೂಪವಲ್ಲ. ಆದರೆ ಮುಂಬೈಯ ಸೆಖೆಯಲ್ಲೂ ಚಳಿ, ಏರುತ್ತಿದ್ದ ತೂಕ, ದಪ್ಪಗಾದ ದನಿ? ಇದನ್ನು ವೈದ್ಯರ ಕಿವಿಗೆ ಹಾಕಿದೆ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆ ಎಂದು ಬಂತು. ಅದು ಕಡಿಮೆಯಾದಾಗ ಅಂಗಾಂಶಗಳಲ್ಲಿ ನೀರು ಹಿಡಿದಿಡುವ ವಸ್ತುಗಳು ಸೇರಿಕೊಂಡು ಊತ ಬರುತ್ತದೆ, ಸುರಂಗ ಇನ್ನಷ್ಟು ಕಿರಿದಾಗುತ್ತದೆ.

ಹಾರ್ಮೋನಿನ ಮಾತ್ರೆ ಶುರುವಾದ ಮೇಲೆ ಮತ್ತೆ ಬಂದಾಗ ಆ ಅಕ್ಕನ ತಕರಾರು: “ಅಲ್ಲ ಮಾರಾಯ, ಶಾಕ್ ಕೊಟ್ಟ ಕೂಡಲೇ ಬೆರಳು ಹಾರುತ್ತದೆ. ಈ ಮಾತ್ರೆಗೆ ಮಾತ್ರ ಇಷ್ಟು ದಿನ ಯಾಕೆ?”

ದಾದರ್ ಸ್ಟೇಷನ್ನಿನ ಘೋಷಣೆ ನೆನಪಿಸಿದೆ. ಎಲ್ಲರ ಕಿವಿಗೂ ಬೀಳುತ್ತದೆ, ಆ ರೈಲು ಬೇಕಾದವರಷ್ಟೇ ಕದಲುತ್ತಾರೆ. ಹಾರ್ಮೋನು ರಕ್ತದಲ್ಲಿ ಎಲ್ಲೆಡೆ ತಿರುಗುತ್ತದೆ, ಅದಕ್ಕೆ ತಕ್ಕ ಗ್ರಾಹಕಗಳಿರುವ ಜೀವಕೋಶಗಳಷ್ಟೇ ಓಗೊಡುತ್ತವೆ. ಥೈರಾಯ್ಡ್ ಹಾರ್ಮೋನು ಕೋಶಕೇಂದ್ರಕ್ಕೇ ಹೋಗಿ ಜೀನ್‌ಗಳ ಮೂಲಕ ಕೆಲಸ ಮಾಡಿಸುವುದರಿಂದ ಅವಸರ ನಡೆಯುವುದಿಲ್ಲ. ಮಾತ್ರೆಯಲ್ಲಿರುವ ಥೈರಾಯ್ಡ್ ಹಾರ್ಮೋನು ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಅದಕ್ಕೇ ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ 6–8 ವಾರ ಕಾದು ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು) ನೋಡುತ್ತಾರೆ. ಎಲ್ಲ ಹಾರ್ಮೋನುಗಳೂ ಹೀಗೆ ಸಾವಧಾನಿಗಳಲ್ಲ. ಶಾಕ್ ಎಂದೊಡನೆ ಎದೆ ಹೊಡೆದುಕೊಳ್ಳುತ್ತದಲ್ಲ, ಆಗ ನರದ ಸಂಕೇತವೇ ಅಡ್ರಿನಲ್ ಗ್ರಂಥಿಗೆ ತಲುಪಿ ಅಡ್ರಿನಲಿನ್ ಬಿಡಿಸಿರುತ್ತದೆ, ಅದೂ ಕ್ಷಣಗಳಲ್ಲಿ.

ಹೊಸಬರಿಗೆ ನಾನು ಹೇಳುವ ಕ್ರಮ ಇದು: ಮೊದಲು ಮಾತು, ಆಮೇಲೆ ಥರ್ಮಾಮೀಟರ್, ಕೊನೆಗೆ ಕರೆಂಟ್. ವರದಿಯಲ್ಲಿ ವೇಗದ ಪಕ್ಕದಲ್ಲೇ ಕೈಯ ಉಷ್ಣತೆಯನ್ನೂ ಬರೆಯಿರಿ. ಎರಡೂ ಕೈಯಲ್ಲಿ ತೊಂದರೆ ಕಂಡರೆ ಥೈರಾಯ್ಡ್, ಸಕ್ಕರೆಯ ವಿವರವನ್ನು ವೈದ್ಯರಿಗೆ ತಿಳಿಸಿಯೇ ಫೈಲ್ ಮುಚ್ಚಿ.