ಖಾಲಿ ಬಿಟ್ಟ ಜಾಗ

ಹಸೆಗಾವಾ ತೋಹಾಕು ಬರೆದ ಪೈನ್ ಮರಗಳ ಚಿತ್ರವನ್ನು ಇವತ್ತು ಮತ್ತೆ ನೋಡುತ್ತಾ ಕೂತೆ. ಜಪಾನಿನ ಈ ಕಲಾವಿದ (1539–1610) ಅದನ್ನು ಆರಾರು ಭಾಗಗಳಾಗಿ ಮಡಚಿ ನೆಲದ ಮೇಲೆ ನಿಲ್ಲಿಸುವ ಎರಡು ಪರದೆಗಳ ಮೇಲೆ ಬರೆದ. ಬರೀ ಕಪ್ಪು ಮಸಿ. ಈಗ ಟೋಕಿಯೋ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ಅದರಲ್ಲಿ ಮರಗಳಿಗಿಂತ ಜಾಸ್ತಿ ಇರುವುದು ಖಾಲಿ ಕಾಗದ. ಆದರೆ ಖಾಲಿ ಅನ್ನಿಸುವುದೇ ಇಲ್ಲ, ದಟ್ಟ ಮಂಜು ಅನ್ನಿಸುತ್ತದೆ. ಮಂಜನ್ನು ಆತ ಬರೆದೇ ಇಲ್ಲ! ಹತ್ತಿರದ ಮರಕ್ಕೆ ಗಾಢ ಮಸಿ, ಬಿರುಸಾದ ಗೀಟು. ದೂರದ್ದಕ್ಕೆ ನೀರು ನೀರಾದ ತೆಳು ಮಸಿ. ಅಷ್ಟರಿಂದಲೇ ನಡುವಿನ ಬಿಳಿ ಜಾಗಕ್ಕೆ ಆಳ ಬಂದುಬಿಡುತ್ತದೆ. ಪರದೆ ಅಂಕುಡೊಂಕಾಗಿ ನಿಲ್ಲುವುದರಿಂದ ಕೆಲವು ಮರ ನಿಜಕ್ಕೂ ಮುಂದೆ ಬರುತ್ತವೆ, ಕೆಲವು ಹಿಂದೆ ಸರಿಯುತ್ತವೆ. ಚಪ್ಪಟೆ ಫೋಟೋದಲ್ಲಿ ಇದು ಸಿಗುವುದಿಲ್ಲ, ಅದೇ ಬೇಜಾರು.

ಮೇಲೆ ಒಂದು ಕಡೆ ಮಸುಕಾದ ಹಿಮದ ಬೆಟ್ಟವೂ ಇದೆ. ಸುಮ್ನೆ ಕಣ್ಣಾಡಿಸಿದರೆ ಕಾಣುವುದಿಲ್ಲ.

ಚಿತ್ರ ಬರೆಯುವ ಮಕ್ಕಳಿಗೆ ನಾವು ‘ಹಿನ್ನೆಲೆ ಪೂರ್ತಿ ತುಂಬಿಸು’ ಅಂತ ಹೇಳುತ್ತೇವೆ, ಅಲ್ವಾ? ಅದು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಮನೆಯಲ್ಲಿ ಅಂಥ ಮಕ್ಕಳಿದ್ದರೆ ಈ ಚಿತ್ರ ತೋರಿಸಿ, ಬಿಳಿ ಜಾಗದಲ್ಲಿ ಏನು ಕಾಣುತ್ತಿದೆ ಅಂತ ಕೇಳಿ. ಅವರ ಉತ್ತರ ಇಲ್ಲಿ ಬರೆಯಿರಿ.