ಅಪ್ಪನ ಹಾಸುಬಟ್ಟೆ ಇಂದೂ ಒಣಗಲಿಲ್ಲ

ತೀರ್ಥಹಳ್ಳಿ, 19 ಜುಲೈ 2025, ಶನಿವಾರ

ಪುನರ್ವಸು ಮಳೆ ಮುಗಿಯುತ್ತ ಬಂದರೂ ಅದರ ಹೊಡೆತ ತಗ್ಗಿಲ್ಲ. ಮೊನ್ನೆ ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿದ್ದ ಹಾಸುಬಟ್ಟೆಯನ್ನು ಬೆಳಿಗ್ಗೆ ತೆಗೆದು ನೋಡಿದೆ. ನಡುಭಾಗ ಒಣಗಿತ್ತು, ಮಡಿಚಿ ಹೊಲಿದ ಅಂಚನ್ನು ಕೆನ್ನೆಗೆ ಒತ್ತಿಕೊಂಡಾಗ ಮಾತ್ರ ಇನ್ನೂ ತಣ್ಣಗಿತ್ತು, ಹೊಗೆಯ ವಾಸನೆಯೂ ಇತ್ತು. ಬೇರೆ ಇಲ್ಲದ್ದರಿಂದ ಅದನ್ನೇ ಹಾಸಿದೆ. ಮಧ್ಯಾಹ್ನ ಅಪ್ಪನನ್ನು ಮಗ್ಗುಲು ಹೊರಳಿಸುವಾಗ ಸೊಂಟದ ಹತ್ತಿರ ಅಂಗೈಯಗಲ ಚರ್ಮ ಕೆಂಪಾಗಿರುವುದು ಕಂಡಿತು. ಆಗಿನಿಂದ ಬೇರೆ ಯೋಚನೆಯೇ ಬರುತ್ತಿಲ್ಲ.

ಡ್ರೈಯರ್ ತರೋಣವೆಂದರೆ ಅಮ್ಮನಿಗೆ ಮೀಟರಿನ ಭಯ. ಸಂಜೆ ಅವಳನ್ನು ಫ್ರಿಜ್ಜಿನ ಬಳಿಗೆ ಕರೆದು, ಅದರ ಹಿಂಬದಿಗೆ ಕೈ ಹಿಡಿಸಿ ವಿವರಿಸಿದೆ. ಹಳೆಯ ಬಗೆಯ ಡ್ರೈಯರಿನಲ್ಲಿ ಕಾಯಿಲ್ ಗಾಳಿಯನ್ನು ಕಾಯಿಸುತ್ತದೆ, ಆ ಕಾವು ಬಟ್ಟೆಯ ನೀರನ್ನು ಎಬ್ಬಿಸಿದ ಮೇಲೆ ವ್ಯರ್ಥವಾಗಿ ಹೋಗುತ್ತದೆ. ಹೀಟ್ ಪಂಪ್ ಇರುವುದರಲ್ಲಾದರೆ ಹಸಿ ಗಾಳಿ ತಣ್ಣನೆಯ ಕೊಳವೆಗಳನ್ನು ಹಾಯ್ದು ನೀರನ್ನು ಅಲ್ಲಿ ಬಿಡುತ್ತದೆ, ಅಲ್ಲಿ ಕಸಿದುಕೊಂಡ ಶಾಖವನ್ನೇ ಕಂಪ್ರೆಸರ್ ಅದೇ ಗಾಳಿಗೆ ಮರಳಿ ಕೊಡುತ್ತದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಲೆಯ ಕಾವು ಹೆಂಚಿನ ಸಂದಿಯಿಂದ ಹೊರಗೆ ಹೋಗದ ಹಾಗೆ, ಅಲ್ಲವೇ?" ಎಂದಳು. ನನಗಿಂತ ಚೆನ್ನಾಗಿ ಹೇಳಿದಳು.

ಒಂದು ಲೀಟರ್ ನೀರನ್ನು ಆವಿಯಾಗಿಸಲು ಸುಮಾರು 0.65 ಯೂನಿಟ್ ಶಾಖ ಬೇಕು. ಅದಕ್ಕೇ 8 ಕೆಜಿಯ ಹಳೆಯ ಬಗೆಯ (ಕಂಡೆನ್ಸರ್) ಡ್ರೈಯರ್ ಒಂದು ಸಲಕ್ಕೆ 4 ಯೂನಿಟ್‌ಗೂ ಹೆಚ್ಚು ನುಂಗಿದರೆ, ಹೀಟ್ ಪಂಪಿನದು 2 ಯೂನಿಟ್‌ನ ಆಸುಪಾಸಿನಲ್ಲಿ ಮುಗಿಸುತ್ತದೆ. ನಮ್ಮ ಮನೆಯ ಬಳಕೆ ತಿಂಗಳಿಗೆ 110 ಯೂನಿಟ್. ದಿನಕ್ಕೊಂದು ಸಲ ಒಣಗಿಸಿದರೆ ಮೊದಲನೆಯದರಿಂದ 230 ಆಗುತ್ತದೆ, ಎರಡನೆಯದರಿಂದ 170. ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಒಳಗಿದ್ದರೆ ನಮಗೆ ಗೊತ್ತುಪಡಿಸಿದ ಮಿತಿಗಿಂತ ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರ. ಸ್ವಿಟ್ಜರ್ಲೆಂಡಿನಲ್ಲಿ 2012ರಿಂದ ಹೀಟ್ ಪಂಪ್ ಇಲ್ಲದ ಡ್ರೈಯರುಗಳ ಮಾರಾಟಕ್ಕೇ ಅವಕಾಶವಿಲ್ಲವಂತೆ ಎಂದೂ ಅಮ್ಮನಿಗೆ ಹೇಳಿದೆ, ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶಿವಮೊಗ್ಗದ ಅಂಗಡಿಯವರು ಕಡಿಮೆ ಬೆಲೆಯದನ್ನೇ ಮುಂದೆ ಮಾಡಿ, ಹೀಟ್ ಪಂಪಿನದು ಎರಡೂವರೆ ಮೂರು ತಾಸು ತೆಗೆದುಕೊಳ್ಳುತ್ತದೆ ಎಂದು ದೂರಿದ್ದರು. ತಡವಾದರೆ ನನಗೇನೂ ತೊಂದರೆಯಿಲ್ಲ, ಕಾವು 50 ಡಿಗ್ರಿಯ ಹತ್ತಿರವೇ ಇರುವುದರಿಂದ ಅಪ್ಪನ ಹಳೆಯ ಹತ್ತಿ ಪಂಚೆಗಳು ಬೇಗ ಜೀರ್ಣವಾಗುವುದಿಲ್ಲ. ಮಳೆಗಾಲದಲ್ಲಿ ಮೂರು ತಾಸು ಒಂದೇ ಸಮನೆ ಕರೆಂಟ್ ಇರುವುದು ಯಾವಾಗ ಎನ್ನುವುದೇ ನಿಜವಾದ ಚಿಂತೆ. ನಮ್ಮ ವಾಷಿಂಗ್ ಮಷೀನ್ ನಿಮಿಷಕ್ಕೆ 700 ಸುತ್ತಿನಲ್ಲಷ್ಟೇ ಹಿಂಡುವುದೂ ಸಾಲದು. ನೀರನ್ನು ಸುತ್ತಿಸಿ ತೆಗೆಯುವ ಖರ್ಚು ಕಾಯಿಸಿ ತೆಗೆಯುವ ಖರ್ಚಿನ ಅಲ್ಪ ಭಾಗವಾದ್ದರಿಂದ, ತೊಟ್ಟಿಕ್ಕುವ ಬಟ್ಟೆಯನ್ನು ಎಂಥ ಒಳ್ಳೆಯ ಡ್ರೈಯರಿಗೆ ಹಾಕಿದರೂ ಉಳಿತಾಯವೆಲ್ಲ ಅಲ್ಲೇ ಕರಗಿಹೋಗುತ್ತದೆ.

ಹೆಚ್ಚಿಗೆ ಕೊಟ್ಟ ಹಣ ಬಿಲ್ಲಿನಲ್ಲಿ ಮರಳಿ ಬರಲು ಎಷ್ಟು ಮಳೆಗಾಲ ಬೇಕೆಂದು ಲೆಕ್ಕ ಬರೆಯುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ, "ಇನ್ನು ಎಷ್ಟು ಮಳೆಗಾಲ ಅಂತ..." ಎಂದವಳು ಮುಂದಿನ ಮಾತನ್ನು ನುಂಗಿ ಒಳಗೆ ಹೋದಳು. ಆ ಸಾಲನ್ನು ಹೊಡೆದುಹಾಕಿದೆ.

ಮಗ್ಗುಲು ಬದಲಿಸುವ ಹೊತ್ತಾಯಿತು. ನಾಳೆ ಬೆಳಗಾದರೆ ಬಚ್ಚಲ ಪಕ್ಕದ ಪಾಯಿಂಟಿಗೆ ಅರ್ಥಿಂಗ್ ಸರಿಯಿದೆಯೇ ನೋಡಿಸಿ, ಆಮೇಲೆ ಶಿವಮೊಗ್ಗಕ್ಕೆ