ಮಧುಗಿರಿ ಬೆಟ್ಟ ಮನೆಯ ಹಾಲ್‌ನ ಗೋಡೆಗೆ ಬಂದಿದ್ದು

ನಾನು ಇರುವುದು ತುಮಕೂರಿನಲ್ಲಿ. ಪಾಠ ಮಾಡುವುದು ಮಧುಗಿರಿಯ ಪಿಯು ಕಾಲೇಜಿನಲ್ಲಿ, ಭೂಗೋಳ. ಬಸ್ಸು ಕೊರಟಗೆರೆ ದಾಟಿ ಮುಂದೆ ಹೋದ ಮೇಲೆ ನನ್ನ ಕಣ್ಣು ಕಿಟಕಿ ಬಿಟ್ಟು ಬೇರೆ ಕಡೆ ಹೋಗುವುದೇ ಇಲ್ಲ. ಮಧುಗಿರಿಯದು ಏಕಶಿಲಾ ಬೆಟ್ಟ. ಮಳೆಗಾಲದಲ್ಲಿ ನೀರು ಇಳಿದಿಳಿದು ಬಂಡೆಯ ಮೇಲೆ ಉದ್ದುದ್ದ ಕಪ್ಪು ಗೆರೆಗಳು ಮೂಡಿವೆ. ಬೆಳಗಿನ ಬಿಸಿಲು ಬಿದ್ದರೆ ಆ ಗೆರೆಗಳ ನಡುವಿನ ಕಲ್ಲು ನಸುಗೆಂಪಾಗುತ್ತದೆ. ರಾಮನಗರದ ಕಡೆಯಿಂದ ಉತ್ತರಕ್ಕೆ ಉದ್ದಕ್ಕೆ ಹರಡಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಸಾಲು ನಮ್ಮ ಜಿಲ್ಲೆಯ ಮೇಲೇ ಹಾದು ಹೋಗುತ್ತದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥದ್ದು ಪಕ್ಕದಲ್ಲೇ ಇರುವಾಗ ಮನೆಯ ಹಾಲಿನಲ್ಲಿ ಹಿಮದ ಬೆಟ್ಟ, ಪೈನ್ ಮರದ ಚಿತ್ರ ಯಾಕೆ ಬೇಕು ಅಂತ ನನಗೆ ಮೊದಲಿಂದಲೂ ಅನಿಸುತ್ತಿತ್ತು.

ಹಾಗಾಗಿ ಈ ಸಲ ನಾನೇ ತೆಗೆದ ಫೋಟೊವನ್ನು ಕ್ಯಾನ್ವಾಸ್ ಮೇಲೆ ಪ್ರಿಂಟ್ ಮಾಡಿಸಿದೆ. 36 ಇಂಚು ಅಗಲ, 24 ಇಂಚು ಎತ್ತರ. ಚೆನ್ನಾಗಿ ಬಂದಿದೆ. ಕಾಲೇಜಿನಲ್ಲಿ, ನೆಂಟರಲ್ಲಿ ಎಲ್ಲರೂ ಹೇಗೆ ಮಾಡಿಸಿದಿರಿ ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಕಡೆ ಹೇಳಿಬಿಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಫೋಟೊ ವಿಷಯ. ಮೊಬೈಲಿನಲ್ಲಿ ಚೆಂದ ಕಾಣುವ ಎಲ್ಲಾ ಫೋಟೊ ಗೋಡೆಗೆ ಆಗುವುದಿಲ್ಲ. ಕ್ಯಾನ್ವಾಸ್ ಬಟ್ಟೆಗೆ ತನ್ನದೇ ನೇಯ್ಗೆ ಇರುತ್ತದೆ. ಹುಲ್ಲಿನ ಎಳೆ, ದೂರದ ಮರದ ಎಲೆ, ಇಂಥ ಸಣ್ಣ ಸಣ್ಣ ವಿವರ ಆ ನೇಯ್ಗೆಯಲ್ಲಿ ಮುಳುಗಿ ಹೋಗುತ್ತವೆ. ದೊಡ್ಡ ಆಕಾರ, ಸ್ಪಷ್ಟ ನೆರಳು ಬೆಳಕು ಇದ್ದರೆ ಕ್ಯಾನ್ವಾಸ್ ಅದನ್ನು ಎತ್ತಿ ತೋರಿಸುತ್ತದೆ. ನಮ್ಮ ಬಯಲುಸೀಮೆಯ ಬಂಡೆ ಬೆಟ್ಟಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಬಂಡೆಯ ಒರಟು ಮೈ, ಬಟ್ಟೆಯ ಒರಟು ಮೈ ಎರಡೂ ಹೊಂದಿಕೊಳ್ಳುತ್ತವೆ. ನಾನು ಆರಿಸಿದ್ದು ಕಾರ್ತಿಕ ಮಾಸದ ಒಂದು ಬೆಳಿಗ್ಗೆ ತೆಗೆದ ಫೋಟೊ. ಮಳೆ ಮುಗಿದು ಗಾಳಿಯಲ್ಲಿ ಧೂಳಿರಲಿಲ್ಲ. ಕೆಳಗೆ ತೆನೆ ಬಿಟ್ಟ ರಾಗಿ ಹೊಲ, ಅದರ ಹಿಂದೆ ಬೆಟ್ಟ, ಮೇಲೆ ತೆಳು ಮೋಡ. ಬೇಸಿಗೆಯಲ್ಲಿ ಅದೇ ಜಾಗದಿಂದ ತೆಗೆದ ಫೋಟೊಗಳಲ್ಲಿ ಬೆಟ್ಟ ಮಂಕಾಗಿ, ಬಿಳಚಿಕೊಂಡು ಕಾಣುತ್ತದೆ.

ಇನ್ನು ಅಳತೆಯ ಲೆಕ್ಕ. ಇದು ಕಷ್ಟದ್ದಲ್ಲ. ಫೋಟೊದ ಅಗಲ ಎಷ್ಟು ಪಿಕ್ಸೆಲ್ ಇದೆ ನೋಡಿ, ಪ್ರಿಂಟಿನ ಅಗಲದ ಇಂಚಿನಿಂದ ಭಾಗಿಸಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಸಾಮಾನ್ಯವಾಗಿ 6000 ಪಿಕ್ಸೆಲ್ ಅಗಲ, 4000 ಎತ್ತರ ಇರುತ್ತದೆ. 36 ಇಂಚಿಗೆ ಭಾಗಿಸಿದರೆ ಇಂಚಿಗೆ ಹೆಚ್ಚುಕಡಿಮೆ 166 ಪಿಕ್ಸೆಲ್. ಕ್ಯಾನ್ವಾಸಿಗೆ 150 ಇದ್ದರೆ ಧಾರಾಳವಾಯಿತು. ಆರೇಳು ಅಡಿ ದೂರದಿಂದ ನೋಡುವ ಚಿತ್ರಕ್ಕೆ 100 ಇದ್ದರೂ ನಡೆಯುತ್ತದೆ. 12 ಮೆಗಾಪಿಕ್ಸೆಲ್ ಮೊಬೈಲಿನ ಫೋಟೊ 4000 ಪಿಕ್ಸೆಲ್ ಅಗಲ ಇರುತ್ತದೆ, ಅಂದರೆ ಅದನ್ನೂ 36 ಇಂಚಿಗೆ ಹಾಕಬಹುದು. ಆದರೆ ಜೂಮ್ ಮಾಡಿ ತೆಗೆದಿದ್ದು, ಅರ್ಧ ಕತ್ತರಿಸಿದ್ದು ಬೇಡ. ವಾಟ್ಸಾಪಿನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲವೇ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಅಂಗಡಿಗೇ ಹೋಗಿ. ನಾನು ಎರಡನೆಯದನ್ನೇ ಮಾಡಿದೆ, ಯಾಕೆಂದರೆ ಎದುರಿಗೆ ಕೂತು ಮಾತಾಡುವುದು ಬೇಕಾದಷ್ಟಿತ್ತು.

ಮೊಬೈಲ್ ಫೋಟೊ ಹಾಕಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಮೊಬೈಲಿನ ಫೋಟೊ ಹೆಚ್ಚಾಗಿ 4:3 ಅಳತೆಯದು. 36 ಇಂಚು ಅಗಲಕ್ಕೆ ಅದು 27 ಇಂಚು ಎತ್ತರ ಕೇಳುತ್ತದೆ. 24ಕ್ಕೆ ತಂದರೆ 3 ಇಂಚು ಕತ್ತರಿಸಲೇಬೇಕು. ಅದು ಆಕಾಶದ ಕಡೆಯಿಂದ ಹೋಗಬೇಕೋ ಹೊಲದ ಕಡೆಯಿಂದಲೋ ಅಂತ ನೀವೇ ತೀರ್ಮಾನಿಸಿ. ಅಂಗಡಿಯ ಹುಡುಗನಿಗೆ ಬಿಡಬೇಡಿ.

ಇದಕ್ಕಿಂತ ಮುಖ್ಯವಾದದ್ದು ಅಂಚು. ಈಗ ಜಾಸ್ತಿ ಜನ ಗಾಜು, ಹೊರಗಿನ ಕಟ್ಟು ಇಲ್ಲದೆ ಬಟ್ಟೆಯನ್ನೇ ಮರದ ಚೌಕಟ್ಟಿನ ಸುತ್ತ ಎಳೆದು ಹಿಂದೆ ಪಿನ್ ಹೊಡೆಸುತ್ತಾರೆ. ಗ್ಯಾಲರಿ ರ‍್ಯಾಪ್ ಅಂತಾರೆ. ಚೌಕಟ್ಟಿನ ಮರ ಒಂದೂವರೆ ಇಂಚು ದಪ್ಪ ಇದ್ದರೆ ಚಿತ್ರದ ಒಂದೂವರೆ ಇಂಚು ನಾಲ್ಕೂ ಕಡೆ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಬೆಟ್ಟದ ತುದಿ ಫೋಟೊದ ಮೇಲಂಚಿಗೆ ಹತ್ತಿರ ಇದ್ದರೆ ತುದಿಯೇ ಮಡಿಕೆಗೆ ಹೋಗುತ್ತದೆ, ಬೆಟ್ಟದ ಮೇಲಿನ ಕೋಟೆ ಗೋಡೆಯೂ ಅದರ ಜೊತೆಗೆ! ನನ್ನ ಫೋಟೊದಲ್ಲಿ ಮೇಲೆ ಆಕಾಶ ಸಾಕಷ್ಟಿತ್ತು, ತೊಂದರೆ ಆಗಲಿಲ್ಲ. ಜಾಗ ಇಲ್ಲದಿದ್ದರೆ ಅಂಚಿನ ಭಾಗವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪಕ್ಕಕ್ಕೆ ಹಾಕಿಸಬಹುದು. ಅಥವಾ ಪಕ್ಕಗಳಿಗೆ ಒಂದೇ ಬಣ್ಣ ಕೊಡಿಸಬಹುದು.

ಈಗ ಬಣ್ಣ, ಬೆಳಕು. ಜನ ಜಾಸ್ತಿ ನಿರಾಸೆ ಪಡುವುದು ಇಲ್ಲೇ. ಮೊಬೈಲಿನ ಪರದೆ ತಾನೇ ಬೆಳಗುತ್ತದೆ. ಬಟ್ಟೆ ಬೆಳಗುವುದಿಲ್ಲ, ಮನೆಯ ಬೆಳಕನ್ನು ವಾಪಸ್ ಕೊಡುತ್ತದೆ ಅಷ್ಟೇ. ಪರದೆಯ ಮೇಲೆ ಸರಿಯಾಗಿ ಕಂಡ ನೆರಳು ಪ್ರಿಂಟಿನಲ್ಲಿ ಕಪ್ಪು ಮುದ್ದೆಯಾಗುತ್ತದೆ. ಅದಕ್ಕೆ ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿಕೊಂಡು ಫೋಟೊ ತಿದ್ದಬೇಕು. ನಾನು ಬಂಡೆಯ ನೆರಳಿನ ಭಾಗವನ್ನು ಸ್ವಲ್ಪ ಎತ್ತಿದೆ. ಹಸಿರು ಬಣ್ಣಕ್ಕೆ ಕೈ ಹಾಕಲಿಲ್ಲ. ನಮ್ಮ ಕಡೆಯ ಹಸಿರು ಮಲೆನಾಡಿನ ಹಸಿರಲ್ಲ. ಅದರಲ್ಲಿ ಸ್ವಲ್ಪ ಹಳದಿ, ಸ್ವಲ್ಪ ಬೂದಿ ಬೆರೆತಿರುತ್ತದೆ. ಅದನ್ನು ಕಡುಹಸಿರು ಮಾಡಿದರೆ ಅದು ಮಧುಗಿರಿ ಆಗಿ ಉಳಿಯುವುದಿಲ್ಲ. ಫೈಲನ್ನು ಎಸ್‌ಆರ್‌ಜಿಬಿಯಲ್ಲಿ (ಮೊಬೈಲು, ಕಂಪ್ಯೂಟರು ಸಾಮಾನ್ಯವಾಗಿ ಬಳಸುವ ಬಣ್ಣದ ಲೆಕ್ಕ) ಉಳಿಸಿ. ಬೇರೆ ಬಣ್ಣದ ಲೆಕ್ಕ ಬೇಕಾದರೆ ಅಂಗಡಿಯವರೇ ಹೇಳುತ್ತಾರೆ.

ಅಂಗಡಿ ಆರಿಸುವಾಗ ನಾನು ಮೊದಲು ಕೇಳಿದ್ದು ಇಂಕಿನ ಬಗ್ಗೆ. ಫ್ಲೆಕ್ಸ್ ಹೊಡೆಯುವ ಸಾಲ್ವೆಂಟ್ ಮಿಷನ್‌ನಲ್ಲೇ ಕ್ಯಾನ್ವಾಸನ್ನೂ ಹೊಡೆದು ಕೊಡುವವರಿದ್ದಾರೆ. ದೂರಕ್ಕೆ ಚೆನ್ನಾಗೇ ಕಾಣುತ್ತದೆ. ಹತ್ತಿರ ಹೋದರೆ ಆಕಾಶದ ತಿಳಿ ನೀಲಿಯಲ್ಲಿ ಚುಕ್ಕಿ, ಅಡ್ಡ ಗೆರೆ ಕಾಣುವುದುಂಟು. ಪಿಗ್ಮೆಂಟ್ ಇಂಕಿನ (ನೀರಿನಲ್ಲಿ ಬಣ್ಣದ ಸಣ್ಣ ಕಣ ಬೆರೆಸಿದ ಇಂಕು), ನಾಲ್ಕಕ್ಕಿಂತ ಹೆಚ್ಚು ಬಣ್ಣ ಇರುವ ಪ್ರಿಂಟರ್ ಆದರೆ ಆಕಾಶ ನಯವಾಗಿ ಬರುತ್ತದೆ, ಬಣ್ಣವೂ ಬೇಗ ಮಾಸುವುದಿಲ್ಲ. ಬಟ್ಟೆ ಹತ್ತಿಯದೋ ಪಾಲಿಯೆಸ್ಟರೋ ಎರಡೂ ಬೆರೆತದ್ದೋ ಅಂತ ಕೇಳಿ ಮುಟ್ಟಿ ನೋಡಿ. ನಾನು ತೆಗೆದುಕೊಂಡಿದ್ದು ಬೆರಕೆ ಬಟ್ಟೆ, 380 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 380 ಗ್ರಾಂ ತೂಗುವಂಥದ್ದು. ಮೇಲೆ ಮ್ಯಾಟ್ ವಾರ್ನಿಷ್ ಹೊಡೆಸಿದೆ. ಹೊಳಪಿನದು ಬೇಡವೇ ಬೇಡ, ಟ್ಯೂಬ್‌ಲೈಟ್ ಬೆಳಕು ಬೆಟ್ಟದ ಮೇಲೆ ಬಿಳಿ ಪಟ್ಟಿಯಾಗಿ ಕೂರುತ್ತದೆ. ವಾರ್ನಿಷ್ ಹೊಡೆಯುವ ಮೊದಲು ಇಂಕು ಪೂರ್ತಿ ಒಣಗಬೇಕು. "ಇವತ್ತೇ ಸಂಜೆ ಕೊಡ್ತೀವಿ ಮೇಡಂ" ಅಂದರೆ ನೀವೇ "ಅರ್ಜೆಂಟಿಲ್ಲ, ನಿಧಾನವಾಗಿ ಮಾಡಿ" ಅನ್ನಿ.

ದಯವಿಟ್ಟು ಇದೊಂದನ್ನು ಬಿಡಬೇಡಿ: ಪೂರ್ತಿ ಪ್ರಿಂಟಿಗೆ ಮುಂಚೆ ಅದೇ ಬಟ್ಟೆಯಲ್ಲಿ ಒಂದು ತುಂಡು ಪ್ರಿಂಟ್ ಹಾಕಿಸಿ. ಇಡೀ ಚಿತ್ರವನ್ನು ಚಿಕ್ಕದು ಮಾಡಿ ಅಲ್ಲ. ಅಸಲು ಅಳತೆಯಲ್ಲೇ ಒಂದು ಭಾಗ, ಅದರಲ್ಲಿ ತುಂಬಾ ಕಪ್ಪಾದ ನೆರಳೂ ಇರಬೇಕು, ತಿಳಿ ಆಕಾಶವೂ ಇರಬೇಕು. ನಾನು ಬೆಟ್ಟದ ಎಡಗಡೆ ಏಣು ಮತ್ತು ಅದರ ಹಿಂದಿನ ಮೋಡ ಸೇರುವ ಜಾಗ ಆರಿಸಿದೆ. ಆ ತುಂಡನ್ನು ಮನೆಗೆ ತಂದು, ಚಿತ್ರ ಹಾಕಬೇಕೆಂದಿದ್ದ ಗೋಡೆಗೇ ಅಂಟಿಸಿ ಬೆಳಿಗ್ಗೆ, ಸಂಜೆ, ದೀಪದ ಬೆಳಕಲ್ಲಿ ನೋಡಿದೆ. ನಮ್ಮತ್ತೆ ಮಧುಗಿರಿ ಕಡೆಯವರು. ತುಂಡು ನೋಡಿದ ಕೂಡಲೇ "ಇದು ನಮ್ಮ ಬೆಟ್ಟ ಅಲ್ವಾ? ಗೆರೆ ಇನ್ನೂ ಕಾಣಬೇಕು ಕಣಮ್ಮ" ಅಂದರು. ಅವರ ಮಾತು ಸರಿಯಿತ್ತು. ನೆರಳನ್ನು ಇನ್ನೊಂದು ಚೂರು ಎತ್ತಿಸಿದೆ, ಕಪ್ಪು ಗೆರೆಗಳು ಬಿಡಿಬಿಡಿಯಾಗಿ ಎದ್ದು ಬಂದವು. ತುಂಡಿಗೆ ಕೊಟ್ಟ ದುಡ್ಡು ಖಂಡಿತ ದಂಡವಲ್ಲ.

ಕೈಗೆ ಬಂದಾಗ ಮುಂದೆ ನೋಡುವ ಮೊದಲು ಹಿಂದೆ ತಿರುಗಿಸಿ. ಮರ ಚೆನ್ನಾಗಿ ಒಣಗಿದ್ದಾ, ನೇರವಾಗಿದೆಯಾ, ಮೂಲೆಯ ಮಡಿಕೆ ಅಚ್ಚುಕಟ್ಟಾಗಿದೆಯಾ ನೋಡಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಪಟ್ಟಿ ಬೇಡ, ತೇವ ತಗುಲಿದರೆ ಉಬ್ಬುತ್ತದೆ. ಮೂರಡಿ ಅಗಲ ಅಂದಮೇಲೆ ನಡುವೆ ಒಂದು ಅಡ್ಡಪಟ್ಟಿ ಇರಲೇಬೇಕು. ಬೆರಳಲ್ಲಿ ತಟ್ಟಿದರೆ ಕಾಯಿಸಿದ ತಮಟೆಯ ಹಾಗೆ ಬಿಗಿಯಾಗಿ ಸದ್ದು ಬರಬೇಕು. ಮೂಲೆಗೆ ಸಣ್ಣ ಮರದ ಬೆಣೆ ಕೊಟ್ಟಿದ್ದರೆ ಜೋಪಾನವಾಗಿಡಿ. ಮುಂದೆ ಬಟ್ಟೆ ಸಡಿಲವಾದರೆ ಅದನ್ನು ಮೆಲ್ಲಗೆ ಬಡಿದು ಬಿಗಿ ಮಾಡಬಹುದು.

ನೇತುಹಾಕುವುದರಲ್ಲಿ ಹೆಚ್ಚು ಹೇಳುವುದಿಲ್ಲ. ಚಿತ್ರದ ನಡುಭಾಗ ನೆಲದಿಂದ ಐದಡಿ ಒಳಗೇ ಇರಲಿ. ನಮ್ಮಲ್ಲಿ ತುಂಬಾ ಮೇಲೆ ಹಾಕುವ ಅಭ್ಯಾಸ, ಕತ್ತು ಎತ್ತಿ ನೋಡಬೇಕಾಗುತ್ತದೆ. ನೇರ ಬಿಸಿಲು, ಅಡುಗೆಯ ಒಗ್ಗರಣೆ ಹೊಗೆ, ದೇವರ ಮುಂದಿನ ಊದುಬತ್ತಿ ಹೊಗೆ ಮೂರರಿಂದಲೂ ದೂರ ಇರಲಿ. ಧೂಳಿಗೆ ಒಣಗಿದ ಮೆತ್ತನೆ ಬಟ್ಟೆ ಸಾಕು. ಒದ್ದೆ ಬಟ್ಟೆ, ಗಾಜು ಒರೆಸುವ ದ್ರಾವಣ ಮುಟ್ಟಿಸಬೇಡಿ.

ಈಗ ನಮ್ಮ ನಾದಿನಿಗೂ ಇದೇ ಬೆಟ್ಟ ಬೇಕಂತೆ. ಅವರ ಹಾಲಿನಲ್ಲಿ ಸೋಫಾ ಇರುವ ಗೋಡೆಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಎದುರಿನ ಗೋಡೆಯಲ್ಲಿ ಟಿವಿ ಪಕ್ಕಕ್ಕೆ 30 ಇಂಚಿನದು ಹಿಡಿಸುತ್ತದಾ ಅಂತ ಭಾನುವಾರ ಟೇಪು ತೆಗೆದುಕೊಂಡು ಹೋಗುತ್ತಿದ್ದೇನೆ.